ಮಸಿ ಇಲ್ಲದ ಬೆರಳು

ಪ್ರೀತಿಯ ಮೊಮ್ಮಕ್ಕಳೇ, ಅವರ ಅಜ್ಜ ಅಜ್ಜಿಯರೇ,

ಕಳೆದ ವಾರ ನನ್ನ ಮೊಮ್ಮಗಳು ಶಾಲೆಯಿಂದ ಮುಖ ಊದಿಸಿಕೊಂಡು ಬಂದಳು. ಅವತ್ತು ಶಾಲೆಯಲ್ಲಿ ಮಂತ್ರಿಮಂಡಲದ ಚುನಾವಣೆಯಂತೆ. ಇವಳು ನೀರು ಕುಡಿದು ಬರುವಷ್ಟರಲ್ಲಿ ಯಾರೋ ಇವಳ ಹೆಸರು ಹೇಳಿ ಚೀಟಿ ಹಾಕಿಬಿಟ್ಟಿದ್ದರು. ಟೀಚರ್ "ನಿನ್ನ ಓಟು ಆಗಿಹೋಗಿದೆ, ಹೋಗಿ ಕೂತ್ಕೋ" ಎಂದರಂತೆ.

"ಒಂದು ಓಟು ತಾನೇ, ಬಿಡು ಪುಟ್ಟಿ" ಎನ್ನಲು ಬಾಯಿ ತೆರೆದವನು ಸುಮ್ಮನಾದೆ. ಸುಮಾರು ಮೂವತ್ತು ವರ್ಷದ ಹಿಂದೆ ಇದೇ ಮಾತನ್ನು ನಾನೂ ಒಬ್ಬರಿಗೆ ಹೇಳಿದ್ದೆ.

ಆಗ ನಾನು ಒಂದು ತಾಲ್ಲೂಕು ಕೇಂದ್ರದ ಬ್ಯಾಂಕಿನಲ್ಲಿ ಗುಮಾಸ್ತ. ಪುರಸಭೆ ಚುನಾವಣೆ ಬಂತು. ಮೇಷ್ಟ್ರುಗಳ ಜೊತೆ ನಮಗೂ ಡ್ಯೂಟಿ ಹಾಕಿದರು. ನನ್ನ ಪಾಲಿಗೆ ಬಂದದ್ದು ಮತದಾರರ ಪಟ್ಟಿ. ಬಂದವರ ಹೆಸರನ್ನು ಪಟ್ಟಿಯಲ್ಲಿ ಹುಡುಕಿ ಗಟ್ಟಿಯಾಗಿ ಓದಬೇಕು. ಅಭ್ಯರ್ಥಿಗಳ ಏಜೆಂಟರು ತಕರಾರು ಮಾಡದಿದ್ದರೆ ಹೆಸರಿನ ಕೆಳಗೆ ಗೆರೆ ಎಳೆಯಬೇಕು. ಆಮೇಲೆ ಪಕ್ಕದವರು ಎಡಗೈ ತೋರುಬೆರಳಿಗೆ ಮಸಿ ಹಚ್ಚಿ ಮತಪತ್ರ ಕೊಡುತ್ತಿದ್ದರು. ಆ ಪಟ್ಟಿಯಲ್ಲಿ ಫೋಟೊ ಇರಲಿಲ್ಲ.

ಮಧ್ಯಾಹ್ನ ಮೂರರ ಹೊತ್ತಿಗೆ ಒಬ್ಬ ಅಜ್ಜಿ ಬಂದರು. ಪಟ್ಟಿ ನೋಡಿದೆ. ಅವರ ಹೆಸರಿಗೆ ಬೆಳಿಗ್ಗೆಯೇ ಗೆರೆ ಬಿದ್ದಿತ್ತು.

"ಅಜ್ಜಿ, ನಿಮ್ಮ ಓಟು ಆಗಿಹೋಗಿದೆ" ಎಂದೆ.

ಅಜ್ಜಿ ಎಡಗೈಯನ್ನು ನನ್ನ ಮೇಜಿನ ಮೇಲಿಟ್ಟರು. ಬೆರಳಲ್ಲಿ ಮಸಿ ಇರಲಿಲ್ಲ. "ನಾನ್ ಈಗ ಬತ್ತಾ ಇವ್ನಿ ಸ್ವಾಮಿ. ನನ್ ಹೆಸ್ರಲ್ಲಿ ಬಂದಿದ್ದೋರು ಯಾರು?"

ಹಿಂದೆ ಉದ್ದ ಸಾಲು ನಿಂತಿತ್ತು. "ಒಂದು ಓಟು ತಾನೇ ಅಜ್ಜಿ, ಮುಂದಿನ ಸಲ ಹಾಕಿದರಾಯಿತು" ಎಂದೆ. ಅವರು ಸೆರಗು ಸರಿಮಾಡಿಕೊಂಡು ಹೊರಟುಹೋದರು.

ಸಂಜೆ ಲಕೋಟೆಗಳನ್ನು ಕಟ್ಟುವಾಗ ಒಂದು ಖಾಲಿ ಲಕೋಟೆ ಕೈಗೆ ಸಿಕ್ಕಿತು. ಇದು ಯಾತಕ್ಕೆ ಎಂದು ಮತಗಟ್ಟೆಯ ಮುಖ್ಯ ಅಧಿಕಾರಿಯನ್ನು ಕೇಳಿದೆ. "ಟೆಂಡರ್ ಮತದ್ದು. ಒಬ್ಬರ ಓಟನ್ನು ಇನ್ನೊಬ್ಬರು ಹಾಕಿ ಹೋಗಿದ್ದರೆ ನಿಜವಾದವರಿಗೆ ಬೇರೆ ಮತಪತ್ರ ಕೊಡಬೇಕು. ಇವತ್ತು ಅಂಥದ್ದು ಯಾವುದೂ ಬರಲಿಲ್ಲವಲ್ಲ, ಸೊನ್ನೆ ಬರೀರಿ" ಎಂದರು.

ನಾನು ಸೊನ್ನೆ ಬರೆದೆ. ಬಾಯಿ ಬಿಡುವ ಧೈರ್ಯ ಬರಲಿಲ್ಲ. ಲೆಕ್ಕವೇನೋ ತಾಳೆಯಾಯಿತು, ಆದರೆ ಅದು ಸುಳ್ಳು ಲೆಕ್ಕ.

ಈ ನಿಯಮವನ್ನು ನೀವು ತಿಳಿದುಕೊಂಡಿರಬೇಕು ಮಕ್ಕಳೇ. ನಿಮ್ಮ ಹೆಸರಲ್ಲಿ ಬೇರೆಯವರು ಮತ ಹಾಕಿ ಹೋಗಿದ್ದರೆ ಸುಮ್ಮನೆ ಹಿಂದಿರುಗಬಾರದು. ಮತಗಟ್ಟೆಯ ಮುಖ್ಯ ಅಧಿಕಾರಿಯ ಹತ್ತಿರ ಹೋಗಬೇಕು. ಅವರು ನೀವು ಯಾರೆಂದು ಪ್ರಶ್ನೆ ಕೇಳುತ್ತಾರೆ. ಉತ್ತರ ಸರಿಯೆನಿಸಿದರೆ ಸಹಿ ಅಥವಾ ಹೆಬ್ಬೆಟ್ಟು ಪಡೆದು ಟೆಂಡರ್ ಮತಪತ್ರ ಕೊಡುತ್ತಾರೆ. ಈಗ ಮತಯಂತ್ರ ಬಂದಿದ್ದರೂ ಈ ಮತ ಮಾತ್ರ ಕಾಗದದ ಮೇಲೆಯೇ. ಅದು ಪೆಟ್ಟಿಗೆಗೆ ಬೀಳುವುದಿಲ್ಲ, ಬೇರೆ ಲಕೋಟೆಯಲ್ಲಿ ಉಳಿಯುತ್ತದೆ. ಸಾಮಾನ್ಯ ಎಣಿಕೆಗೂ ಸೇರುವುದಿಲ್ಲ. ಫಲಿತಾಂಶದ ಬಗ್ಗೆ ಯಾರಾದರೂ ನ್ಯಾಯಾಲಯಕ್ಕೆ ಹೋದರೆ ಆಗ ಅದಕ್ಕೆ ಬೆಲೆ ಬರುತ್ತದೆ.

"ಎಣಿಸದ ಓಟು ಹಾಕಿ ಏನು ಲಾಭ ತಾತ?" ಎಂದಳು ಮೊಮ್ಮಗಳು. ಒಳ್ಳೆಯ ಪ್ರಶ್ನೆಯೇ. 2004ರ ವಿಧಾನಸಭೆ ಚುನಾವಣೆಯಲ್ಲಿ ನಮ್ಮ ಸಂತೆಮರಹಳ್ಳಿ ಕ್ಷೇತ್ರದಲ್ಲಿ ಗೆದ್ದವರಿಗೆ 40,752 ಮತ, ಸೋತವರಿಗೆ 40,751. 2008ರಲ್ಲಿ ರಾಜಸ್ಥಾನದ ನಾಥದ್ವಾರದಲ್ಲೂ ಅಂತರ ಒಂದೇ ಮತ. ಅಲ್ಲಿ ಟೆಂಡರ್ ಮತಗಳ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅಷ್ಟು ದೊಡ್ಡ ಕ್ಷೇತ್ರಗಳಲ್ಲೇ ಹೀಗಾದರೆ ಪುರಸಭೆಯ ಒಂದು ವಾರ್ಡಿನ ಮಾತೇನು? ಅಲ್ಲಿ ಇಬ್ಬರಿಗೆ ಸಮ ಮತ ಬಂದರೆ ಚೀಟಿ ಎತ್ತಿ ಗೆದ್ದವರನ್ನು ತೀರ್ಮಾನಿಸುತ್ತಾರೆ. ನಿಮ್ಮ ಬೀದಿಯ ನಲ್ಲಿ, ಚರಂಡಿ, ದೀಪ ನೋಡಿಕೊಳ್ಳಬೇಕಾದವರನ್ನು ಒಂದು ಚೀಟಿ ಆರಿಸಿದಂತಾಗುತ್ತದೆ.

ಇಷ್ಟಾದರೂ ನನ್ನನ್ನು ಹೆಚ್ಚು ಚುಚ್ಚಿದ್ದು ಬೇರೆ. ನಮ್ಮ ಬ್ಯಾಂಕಿಗೆ ಯಾರಾದರೂ ಬಂದು "ಕಳ್ಳಸಹಿ ಹಾಕಿ ನನ್ನ ದುಡ್ಡು ತೆಗೆದಿದ್ದಾರೆ" ಎಂದರೆ "ಆಗಿಹೋಯಿತು, ಮನೆಗೆ ಹೋಗಿ" ಎನ್ನುತ್ತಿದ್ದೆನೇ? ದೂರು ಬರೆಸಿಕೊಳ್ಳುತ್ತಿದ್ದೆ, ಆ ಸ್ಲಿಪ್ಪನ್ನು ತೆಗೆದಿಡುತ್ತಿದ್ದೆ. ದುಡ್ಡಿಗೆ ಕೊಟ್ಟ ಮರ್ಯಾದೆಯನ್ನು ನಾನು ಆ ಅಜ್ಜಿಯ ಮತಕ್ಕೆ ಕೊಡಲಿಲ್ಲ.

ತಿಂಗಳಾದ ಮೇಲೆ ಆ ಅಜ್ಜಿ ನಮ್ಮ ಕೌಂಟರಿಗೇ ಬಂದರು. ನನ್ನ ಗುರುತು ಹಿಡಿದರು. ಪಾಸ್‌ಬುಕ್ ಚಾಚಿ, "ಇದನ್ನಾದ್ರೂ ಇನ್ಯಾರೂ ತಗೊಂಡೋಗಿಲ್ವಲ್ಲ ಸ್ವಾಮಿ?" ಎಂದರು. ನಾನು ತಲೆ ತಗ್ಗಿಸಿ, "ಅವತ್ತು ನನ್ನಿಂದ ತಪ್ಪಾಯಿತು ಅಜ್ಜಿ" ಎಂದೆ. ಅವರು ನೋಟುಗಳನ್ನು ಎರಡು ಸಲ ಎಣಿಸಿ, ಎಲೆಅಡಿಕೆ ಚೀಲಕ್ಕೆ ಸೇರಿಸಿ ಹೋದರು. ಮರುವರ್ಷ ನನಗೆ ವರ್ಗವಾಯಿತು. ಆಮೇಲೆ ನಾನು ಅವರನ್ನು ನೋಡಲಿಲ್ಲ.

ಇದನ್ನೆಲ್ಲ ಕೇಳಿದ ಮೊಮ್ಮಗಳು ಮರುದಿನ ಹೆಡ್‌ಮಾಸ್ಟರಿಗೆ ಅರ್ಜಿ ಬರೆದುಕೊಂಡು ಹೋದಳು. "ನನ್ನ ಚೀಟಿಯನ್ನು ಎಣಿಸದಿದ್ದರೂ ಪರವಾಗಿಲ್ಲ, ಲಕೋಟೆಯಲ್ಲಿ ಇಡಿ" ಎಂದು ಬರೆದಿದ್ದಳು. ಉತ್ತರ ಇನ್ನೂ ಬಂದಿಲ್ಲ.

ಈಗ ಈ ವಾರದ ಕೆಲಸ. ಅಜ್ಜ ಅಜ್ಜಿಯರೇ, ಗುರುತಿನ ಚೀಟಿ ಪೆಟ್ಟಿಗೆಯಲ್ಲಿದೆ ಎಂದು ನಿಶ್ಚಿಂತೆಯಾಗಿ ಕೂರಬೇಡಿ. ಪಟ್ಟಿಯಲ್ಲಿ ಹೆಸರಿದ್ದರೆ ಮಾತ್ರ ಮತ. ಪುರಸಭೆ, ನಗರಸಭೆಗಳ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ. ವಿಧಾನಸಭೆಯ ಮತದಾರರ ಪಟ್ಟಿಯನ್ನೇ ವಾರ್ಡುವಾರು ವಿಂಗಡಿಸುತ್ತಾರೆ. ಹಾಗೆ ವಿಂಗಡಿಸುವಾಗ ಹೆಸರು ಪಕ್ಕದ ವಾರ್ಡಿಗೆ ಹೋಗಿಬಿಡಬಹುದು. ಕರಡು ಪಟ್ಟಿ ಪ್ರಕಟವಾದಾಗಲೇ ನೋಡಿ, ತಪ್ಪಿದ್ದರೆ ಆಗಲೇ ಅರ್ಜಿ ಕೊಡಿ. ಮತದಾನದ ದಿನ ಜಗಳವಾಡಿದರೆ ಹೆಸರು ಸೇರುವುದಿಲ್ಲ.

ಮಕ್ಕಳೇ, ಹದಿನೆಂಟು ತುಂಬುವವರೆಗೆ ನಿಮಗೆ ಮತವಿಲ್ಲ. ಆದರೆ ಕಣ್ಣಿದೆ. ಕನ್ನಡಕ ಹುಡುಕುತ್ತಾ ಕೂತಿರುವ ನಿಮ್ಮ ಮನೆಯ ಹಿರಿಯರಿಗೆ ಆ ಪಟ್ಟಿಯನ್ನು ನೀವೇ ಓದಿ ಹೇಳಿ.

ಮುಂದಿನ ವಾರ ಸಿಗೋಣ.

ನಿಮ್ಮ ತಾತ