ಹಿತ್ತಲ ಹಲಗೆ ಮದ್ದಲೆಯಲ್ಲ!

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ಕಟ್ಟಿದ ಹಿರಿಯರು ವಾದ್ಯಗಳ ವಿಷಯದಲ್ಲಿಯೂ ಒಂದು ಮಾತು ಸೇರಿಸಿ ಹೋಗಬಹುದಾಗಿತ್ತು. ಅವರು ಬಿಟ್ಟುಹೋದುದನ್ನು ನಮ್ಮ ಕಾಲದ ಸುಶಿಕ್ಷಿತರು ಆಚರಣೆಯಿಂದ ಪೂರ್ಣಗೊಳಿಸಿದ್ದಾರೆ. ಹಿತ್ತಲ ಹಲಗೆ ಅವರಿಗೆ ಮದ್ದಲೆಯಲ್ಲ. ಏಳು ಸಮುದ್ರದಾಚೆಯ ಜೆಂಬೆಯಾದರೆ ಅದು ಮದ್ದಲೆಯೂ ಹೌದು, ಮದ್ದೂ ಹೌದು.

ಜೆಂಬೆಯೆಂದರೇನೆಂದು ಕೇಳುವ ವಾಚಕರಿಗೆ ಎರಡು ಮಾತು. ಪಶ್ಚಿಮ ಆಫ್ರಿಕದ ಮಾಲಿ, ಗಿನಿ ದೇಶಗಳ ಮಾಂಡೆ ಜನರ ಚರ್ಮವಾದ್ಯವದು. ಒಂದೇ ಮರದ ದಿಮ್ಮಿಯನ್ನು ಬಟ್ಟಲಿನ ಆಕಾರಕ್ಕೆ ಕೊರೆದು, ಬಾಯಿಗೆ ಆಡಿನ ಚರ್ಮವನ್ನು ಹಗ್ಗದಿಂದ ಎಳೆದು ಬಿಗಿದು, ಬರಿಗೈಯಿಂದ ಬಾರಿಸುತ್ತಾರೆ. ಬೆಂಗಳೂರು, ಹೈದರಾಬಾದುಗಳಲ್ಲಿ ಈಗ ಕಂಪನಿಯ ನೌಕರರನ್ನೂ ಶಾಲೆಯ ಮಕ್ಕಳನ್ನೂ ಸುತ್ತುಗಟ್ಟಿ ಕೂಡಿಸಿ, ತಲೆಗೊಂದು ಜೆಂಬೆ ಕೊಟ್ಟು, ಎಲ್ಲರೂ ಒಂದೇ ಲಯದಲ್ಲಿ ಬಡಿಯುವ ಶಿಬಿರಗಳು ನಡೆಯುತ್ತವೆ. ಇದರಿಂದ ಒಗ್ಗಟ್ಟು ಬೆಳೆಯುತ್ತದೆ, ಮೇಲು ಕೀಳೆಂಬುದು ಕರಗುತ್ತದೆ, ಮನಸ್ಸಿನ ಭಾರ ಇಳಿಯುತ್ತದೆ ಎಂದು ನಡೆಸುವವರು ಹೇಳುತ್ತಾರೆ. ಇರಬಹುದು. ಹತ್ತು ಜನ ಸೇರಿ ಬಡಿದರೆ ಮನಸ್ಸು ಹಗುರಾಗುವುದು ನಮ್ಮ ಅಲಾಯಿ ಕುಣಿಯುವವರಿಗೂ ಜಾತ್ರೆಯ ಮುಂದೆ ಕುಣಿಯುವವರಿಗೂ ಎಂದೋ ಗೊತ್ತಿದ್ದ ಸಂಗತಿ.

ಈ ಗಾಳಿ ಬೀದರಿಗೂ ಬಂದಿದೆ. ಇಲ್ಲಿಯ ಒಂದು ಸಂಘದ ಸಭೆಯಲ್ಲಿ, ವಾರ್ಷಿಕೋತ್ಸವಕ್ಕೆ ಹೈದರಾಬಾದಿನಿಂದ ಇಂಥದೊಂದು ತಂಡವನ್ನು ಕರೆಸಬೇಕೆಂಬ ಸಲಹೆ ಬಂದಾಗ ನಾನೂ ಇದ್ದೆ. ಎಲ್ಲರೂ ತಲೆದೂಗಿದರು. ಜೊತೆಗೆ ಔರಾದ ಕಡೆಯ ಹಲಗೆಯವರನ್ನೂ ಕರೆಸಿ, ಅದೇ ಸಭಾಂಗಣದಲ್ಲಿ ನಮ್ಮ ಮಕ್ಕಳಿಗೆ ಎರಡು ದಿನ ಪಾಠ ಹೇಳಿಸೋಣವೆಂದು ನಾನು ಸೂಚಿಸಿದೆ. ಸಭೆ ಮೌನವಾಯಿತು. ಕೊನೆಗೆ ಒಬ್ಬ ಸಜ್ಜನರು, "ಮೆರವಣಿಗೆಗೆ ಬೇಕಾದರೆ ಕರೆಸೋಣರೀ, ಒಳಗೆ ಬೇಡ, ಸದ್ದು ಜಾಸ್ತಿ" ಎಂದರು. ಇಪ್ಪತ್ತೈದು ಜೆಂಬೆಗಳ ಸದ್ದನ್ನು ತಡೆಯಬಲ್ಲ ಗೋಡೆ ನಾಲ್ಕು ಹಲಗೆಗಳಿಗೆ ಬಿರಿಯುತ್ತದೆಯೇ?

ಅಡ್ಡಿಯಾಗಿರುವುದು ಸದ್ದಲ್ಲ, ಚರ್ಮ. ಚರ್ಮವೂ ಅಲ್ಲ, ಅದನ್ನು ಹದಮಾಡಿದ ಕೈ, ಬಾರಿಸುವ ಕೈ. ಜೆಂಬೆಯ ಬಾಯಿಗೆ ಬಿಗಿದಿರುವುದು ರೇಷ್ಮೆಯಲ್ಲ. ಕಚೇರಿಯಲ್ಲಿ ನಾವು ಕಣ್ಣುಮುಚ್ಚಿ ಕೇಳುವ ಮೃದಂಗದ ಮುಖಕ್ಕೂ ಚರ್ಮವೇ. ಆದರೆ ಜೆಂಬೆಯನ್ನು ಮಾಡಿದವನ ಕೇರಿ ನಮಗೆ ಗೊತ್ತಿಲ್ಲ. ಹಲಗೆಯವನ ಕೇರಿ ಗೊತ್ತಿದೆ. ದೂರದ ಚರ್ಮ ಶುದ್ಧ, ಹತ್ತಿರದ ಚರ್ಮ ಮೈಲಿಗೆ. ಇದಕ್ಕೆ ನಾವಿಟ್ಟಿರುವ ಹೊಸ ಹೆಸರು ಅಭಿರುಚಿ.

ಭಾಲ್ಕಿಯ ಕಡೆ ಹಲಗೆ ಬಾರಿಸಿ ಮುದುಕರಾದ ಒಬ್ಬರೊಡನೆ ಈ ಮಾತೆತ್ತಿದೆ. ಬಾರಿಸುವ ಮುನ್ನ ಹುಲ್ಲಿನ ಬೆಂಕಿಗೆ ಹಲಗೆ ಕಾಯಿಸುತ್ತ, ಬೆರಳಿನಿಂದ ತಟ್ಟಿ ನಾದವನ್ನು ಪರೀಕ್ಷಿಸುತ್ತಿದ್ದರು. "ಕಾಕಾ, ಇದನ್ನ ಎಲ್ಲಾರ ಮಕ್ಕಳಿಗೂ ಕಲಸ್ತೀರೇನು?" ಎಂದೆ. ಅವರು ತಲೆಯೆತ್ತದೆ ಹೇಳಿದರು: "ಚಮಡಾ ಎಲ್ಲಾ ಕಡೀಗೂ ಚಮಡಾನೇ ಅದ ರೀ ಸರ. ನಿಮ್ಮ ಹುಡುಗ ಬಾರಿಸಿದ್ರ ಕಲಾ ಅಂತೀರಿ, ನಮ್ಮ ಹುಡುಗ ಬಾರಿಸಿದ್ರ ಕೆಲಸ ಅಂತೀರಿ." ಈ ಪ್ರಶ್ನೆಯ ಮೇಲೆ ನಾನು ಕೇಳಿದ ಭಾಷಣಗಳಲ್ಲಿ ಇದಕ್ಕಿಂತ ಚಿಕ್ಕದಾದುದೂ ಇಲ್ಲ, ದೊಡ್ಡದಾದುದೂ ಇಲ್ಲ.

ಆಫ್ರಿಕದ ವಾದ್ಯ ಬೇಡವೆಂದು ನಾನು ಹೇಳುತ್ತಿಲ್ಲ. ಬೀದರಿನಲ್ಲಿ ನಿಂತು ಆಫ್ರಿಕವನ್ನು ಪರದೇಶವೆನ್ನುವವನು ತನ್ನ ಊರನ್ನೇ ಅರಿಯದವನು. ಊರ ಅಂಚಿನ ಗುಡ್ಡಕ್ಕೆ ಹಬ್ಶಿಕೋಟವೆಂಬ ಹೆಸರು ಬಂದುದು ಅಲ್ಲಿ ಮಣ್ಣಾಗಿರುವ ಹಬ್ಶಿ ಸರದಾರರಿಂದ. 1657ರಲ್ಲಿ ಔರಂಗಜೇಬನ ಸೈನ್ಯ ಮುತ್ತಿದಾಗ ಬೀದರಿನ ಕೋಟೆಯನ್ನು ಕಾದವನು ಆದಿಲಶಾಹಿಯ ಕಿಲ್ಲೇದಾರ ಸಿದ್ದಿ ಮರ್ಜಾನ. ಸಿಡಿಮದ್ದಿನ ರಾಶಿ ಹೊತ್ತಿ ಉರಿದಾಗ ಅವನು ಸಾವಿನ ಅಂಚಿಗೆ ತಲುಪುವಷ್ಟು ಗಾಯಗೊಂಡ ಮೇಲೆಯೇ ಕೋಟೆ ಬಿದ್ದಿತು. 1948ರವರೆಗೆ ನಮ್ಮನ್ನಾಳಿದ ನಿಜಾಮರ ಆಫ್ರಿಕನ್ ಅಶ್ವದಳದ ಹೆಸರು ಇಂದಿಗೂ ಹೈದರಾಬಾದಿನ ಒಂದು ಬಡಾವಣೆಗಿದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ಕನ್ನಡ, ಕೊಂಕಣಿ ಮಾತಾಡುವ ಸಿದ್ದಿಗಳಿದ್ದಾರೆ. ಅವರ ಡಮಾಮಿ ಆಫ್ರಿಕದ ನೆನಪನ್ನು ಕನ್ನಡ ನೆಲದಲ್ಲಿ ಉಳಿಸಿಕೊಂಡು ಬಂದ ವಾದ್ಯ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಲು 2003ನೆಯ ಇಸವಿ ಬರಬೇಕಾಯಿತು. ಆಫ್ರಿಕದ ಲಯ ಬೇಕೆನ್ನುವ ನಮ್ಮ ಸಂಘಗಳಿಗೆ ಇವರ ನೆನಪೇಕೆ ಬರುವುದಿಲ್ಲ? ಅವರೂ ಹತ್ತಿರದವರಾಗಿಬಿಟ್ಟಿದ್ದಾರೆ, ಬಡವರೆಂಬುದು ಕಣ್ಣಿಗೆ ಕಾಣುತ್ತದೆ.

ಇನ್ನು ಜೆಂಬೆಗೆ ಬಂದ ಮಾನ ಎಲ್ಲಿಂದ ಬಂತೆಂದು ನೋಡಿ. ಅದು ಹುಟ್ಟಿನಿಂದಲೇ ಬಂದುದಲ್ಲ. ಮಾಂಡೆ ಸಮಾಜದಲ್ಲಿ ಅದನ್ನು ಪರಂಪರೆಯಿಂದ ಕೆತ್ತುತ್ತಿದ್ದವರು ಕಮ್ಮಾರ ಕುಲದವರು. ಇತರರು ಅವರೊಡನೆ ಹೆಣ್ಣು ಕೊಟ್ಟು ತರುವ ಬಳಕೆ ಇಟ್ಟುಕೊಂಡಿರಲಿಲ್ಲ. ಇದು ನಮಗೆ ತೀರ ಅಪರಿಚಿತವಾದ ಕಥೆಯೇ? 1950ರ ದಶಕದ ಮೊದಲಲ್ಲಿ ಗಿನಿಯ ಫೊದೇಬಾ ಕೈತಾ ಎಂಬ ಕವಿ ಪ್ಯಾರಿಸಿನಲ್ಲಿ ನೃತ್ಯತಂಡ ಕಟ್ಟಿ, ಹಳ್ಳಿಯ ವಾದ್ಯಗಳನ್ನು ಜಗತ್ತಿನ ರಂಗಮಂದಿರಗಳಿಗೆ ಒಯ್ದ. 1958ರಲ್ಲಿ ಸ್ವತಂತ್ರವಾದ ಗಿನಿ ಆ ತಂಡವನ್ನು ರಾಷ್ಟ್ರೀಯ ತಂಡವನ್ನಾಗಿ ಮಾಡಿಕೊಂಡಿತು. ಆ ಸರಕಾರದ ಕೈ ನಿರ್ಮಲವಾಗಿತ್ತೆಂದಲ್ಲ. 1969ರಲ್ಲಿ ಅದೇ ಸರಕಾರ ಕೈತಾನನ್ನು ಕೊಂದಿತು. ಆದರೂ ಒಂದು ಮಾತು ನಿಜ. ಆ ಚರ್ಮ ಬದಲಾಗಲಿಲ್ಲ, ಮರ ಬದಲಾಗಲಿಲ್ಲ. ಬಾರಿಸುವವನು ಕುಳಿತ ಸ್ಥಾನ ಬದಲಾಯಿತು. ಅಷ್ಟರಿಂದಲೇ ಲೋಕದ ಕಿವಿಯೂ ಬದಲಾಯಿತು.

ನಮ್ಮಲ್ಲಿ ಆ ಸ್ಥಾನವನ್ನು ಬದಲಿಸಿದ ಉದಾಹರಣೆ ಇಲ್ಲದಿಲ್ಲ. ಈ ಜಿಲ್ಲೆಯ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದಲ್ಲಿ ಕೂಡಿದ ಶರಣರೊಳಗೆ ಢಕ್ಕೆಯ ಬೊಮ್ಮಣ್ಣನೂ ಒಬ್ಬ. ಮಾರಿಯನ್ನು ಹೊತ್ತು ಢಕ್ಕೆ ಬಾರಿಸುವುದು ಅವನ ಕಾಯಕ. ಅವನ ವಾದ್ಯವನ್ನು ಶರಣರು ಹೊರಗಿಡಲಿಲ್ಲ. ಅವನ ಹೆಸರಿನೊಡನೆಯೇ ಸೇರಿಸಿ ಕರೆದರು. ಪ್ರತಿವರ್ಷ ಬಸವ ಜಯಂತಿಯ ಮೆರವಣಿಗೆ ತೆಗೆಯುವ ನಾವು, ಮೆರವಣಿಗೆ ಮುಗಿದೊಡನೆ ಹಲಗೆಯವರನ್ನು ಬಾಗಿಲಲ್ಲಿಯೇ ಬಿಟ್ಟು ಒಳಗೆ ಹೋಗಿ ಭಾಷಣ ಕೇಳುತ್ತೇವೆ! ನಿಜಾಮರ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗಿಸಿ ಒಳಗೆ ಕನ್ನಡ ಕಲಿಸಿದರೆಂಬುದನ್ನು ಈ ಭಾಗದ ಮಕ್ಕಳೂ ಬಲ್ಲರು. ಅಂದು ನಮ್ಮದನ್ನು ಉಳಿಸಲು ಅದನ್ನು ಒಳಗಿಟ್ಟರು. ಇಂದು ಯಾವ ನಿಜಾಮನ ಭಯವೂ ಇಲ್ಲದೆ ನಮ್ಮದನ್ನು ನಾವೇ ಹೊರಗಿಟ್ಟಿದ್ದೇವೆ.

ಇಲ್ಲಿ ಒಂದು ಆಕ್ಷೇಪವಿದೆ; ಅದು ಗಂಭೀರವಾದುದು. ಹಲಗೆ ದಾಸ್ಯದ ಗುರುತು, ಅದನ್ನು ಕೆಳಗಿಟ್ಟಿದ್ದೇ ನಮ್ಮ ಬಿಡುಗಡೆ ಎಂದು ಎಷ್ಟೋ ದಲಿತ ತರುಣರು ಹೇಳುತ್ತಾರೆ. ಅವರ ಮಾತು ಸತ್ಯ. ಹೆಣದ ಮುಂದೆ, ಮಾರಿಯ ಮುಂದೆ, ಗೌಡರ ಡಂಗುರಕ್ಕೆ ಕರೆದಾಗಲೆಲ್ಲ ಬರಲೇಬೇಕು, ಕೊಟ್ಟಷ್ಟು ಕಾಳು ಕಟ್ಟಿಕೊಂಡು ಹೋಗಬೇಕೆಂಬ ಕಟ್ಟಳೆಯನ್ನು ಮುರಿದವರು ಸರಿಯಾಗಿಯೇ ಮಾಡಿದರು. ಬಿಟ್ಟಿ ದುಡಿಮೆಯನ್ನು ಸಂವಿಧಾನದ 23ನೆಯ ವಿಧಿ ನಿಷೇಧಿಸಿದೆ; 1989ರ ದೌರ್ಜನ್ಯ ತಡೆ ಕಾಯಿದೆ ಅದನ್ನು ಶಿಕ್ಷಾರ್ಹಗೊಳಿಸಿದೆ. 'ಜಾನಪದ ಉಳಿಯಬೇಕು, ನೀವು ಬಾರಿಸುತ್ತಿರಿ' ಎಂದು ಅವರಿಗೆ ಉಪದೇಶ ಮಾಡುವ ನಮ್ಮ ಸಂಸ್ಕೃತಿಪ್ರೇಮ ಹಳೆಯ ಕಟ್ಟಳೆಯ ಹೊಸ ಅಂಗಿ. ಕೆಳಗಿಟ್ಟವರು ಮತ್ತೆ ಎತ್ತಿಕೊಳ್ಳಬೇಕೆಂದು ಕೇಳುವ ಹಕ್ಕು ನಮಗಿಲ್ಲ. ಎಂದೂ ಎತ್ತಿಕೊಳ್ಳದವರು ಎತ್ತಿಕೊಳ್ಳಲಿ ಎಂಬುದೇ ನನ್ನ ವಾದ. ಹಲಗೆ ಒಂದು ಕೇರಿಯ ಕೊರಳಿಗೆ ಕಟ್ಟಿದ ಕರ್ತವ್ಯವಾಗಿರುವತನಕ ಅದು ದಾಸ್ಯವೇ. ಯಾರು ಬೇಕಾದರೂ ಕಲಿಯಬಹುದಾದ, ಕಲಿಸುವವನಿಗೆ ಗುರುವಿನ ಗೌರವ ಸಿಗುವ ವಿದ್ಯೆಯಾದ ದಿನ ಅದು ವಾದ್ಯ.

ವಿದ್ಯೆಯೇ ಅದು. ಬಲಗೈಯ ದಪ್ಪ ಕೋಲು, ಎಡಗೈಯ ಸಣ್ಣ ಕಡ್ಡಿ ಎರಡನ್ನೂ ಬೇರೆ ಬೇರೆ ನಡೆಸುತ್ತ, ಹೆಜ್ಜೆ ಹಾಕುತ್ತ, ಮದುವೆಗೊಂದು, ಜಾತ್ರೆಗೊಂದು, ಸಾವಿಗೊಂದು ಬಡಿತವನ್ನು ಕಾಗದದ ಸಹಾಯವಿಲ್ಲದೆ ನೆನಪಿಟ್ಟವನನ್ನು ಅವಿದ್ಯಾವಂತನೆನ್ನುವುದು ನಮ್ಮ ಅವಿದ್ಯೆ. ಚಿಕ್ಕಬಳ್ಳಾಪುರದ ಕಡೆಯ ತಮಟೆ ವಾದಕ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಸಂತೋಷ. ಆದರೆ ದಿಲ್ಲಿಯ ದರ್ಬಾರಿನೊಳಗೆ ಹೋದ ವಾದ್ಯ ನಮ್ಮ ಊರಿನ ಕಲ್ಯಾಣಮಂಟಪದ ಒಳಗೆ ಬರಬಾರದೆಂದರೆ, ಆ ಪ್ರಶಸ್ತಿಗೆ ನಾವು ತಟ್ಟಿದ ಚಪ್ಪಾಳೆಯ ಅರ್ಥವೇನು?

ಆದುದರಿಂದ ನಮ್ಮ ಸಂಘ ಸಂಸ್ಥೆಗಳ ಮುಂದೆ ಮೂರು ಮಾತು ಇಡುತ್ತೇನೆ. ಜೆಂಬೆಯವರಿಗೆ ಕೊಡುವ ಸಂಭಾವನೆಯ ದರವನ್ನೇ ಹಲಗೆಯವರಿಗೂ ಕೊಡಿ. ಅವರನ್ನು ಮೆರವಣಿಗೆಯ ಮುಂದೆ ಓಡಿಸುವುದನ್ನು ಬಿಟ್ಟು ವೇದಿಕೆಯ ಮೇಲೆ ಕುರ್ಚಿ ಹಾಕಿ, ಗುರುವೆಂದು ಕೂಡಿಸಿ. ಅವರೆದುರು ಕಲಿಯಲು ಕೂಡುವ ಮಕ್ಕಳಲ್ಲಿ ಮೊದಲ ಸಾಲು ನಿಮ್ಮ ಮನೆಯವರದಾಗಿರಲಿ. ಅಧ್ಯಕ್ಷರ ಮೊಮ್ಮಗಳು, ಕಾರ್ಯದರ್ಶಿಯ ಮಗ. ಈ ಮೂರನೆಯದು ಮೊದಲಿನೆರಡಕ್ಕಿಂತ ಕಷ್ಟವೆಂದು ನನಗೆ ಗೊತ್ತು. ಹಣ ಕೊಡಲು ಒಪ್ಪುವವರು ಸಿಗುತ್ತಾರೆ, ಮಗುವನ್ನು ಕಳಿಸಲು ಒಪ್ಪುವವರು ಸಿಗುವುದು ವಿರಳ.

ಜೆಂಬೆಯೂ ಬರಲಿ, ಡಮಾಮಿಯೂ ಬರಲಿ. ಸುತ್ತುಗಟ್ಟಿ ಕುಳಿತು ಬಡಿದರೆ ಮೇಲು ಕೀಳು ಕರಗುವುದು ನಿಜವಾದರೆ, ಅದನ್ನು ಪರೀಕ್ಷಿಸಲು ಹಲಗೆಗಿಂತ ಒಳ್ಳೆಯ ವಾದ್ಯ ಎಲ್ಲಿದೆ? ಯಾರ ಮೇಲು, ಯಾರ ಕೀಳು ಎಂಬುದನ್ನು ಅರಿಯದ ವಾದ್ಯದ ಮುಂದೆ ಸಮಾನರಾಗುವುದು ಸುಲಭ. ಅದನ್ನು ಚೆನ್ನಾಗಿ ಅರಿತ ವಾದ್ಯವನ್ನು ನಮ್ಮ ಮಕ್ಕಳ ಕೈಗೆ ಕೊಟ್ಟ ದಿನ, ಬೀದರಿನ ಸಂಘಗಳಲ್ಲಿ ಒಗ್ಗಟ್ಟು ಬೆಳೆಯುತ್ತಿದೆಯೆಂದು ನಾನೂ ನಂಬುತ್ತೇನೆ.