ಕನಸಿಗೊಂದು ದಿನಾಂಕ ಬೇಕು

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶಗಳು ಪ್ರಕಟವಾದ ಬೆನ್ನಿಗೆ ನಮ್ಮ ಊರುಗಳಲ್ಲಿ ಪ್ರತಿಭಾ ಪುರಸ್ಕಾರ ಸಮಾರಂಭಗಳ ಸುಗ್ಗಿ ಆರಂಭವಾಗುತ್ತದೆ. ವೇದಿಕೆಯ ಬ್ಯಾನರಿನಲ್ಲಿ ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಅವರ ಭಾವಚಿತ್ರ, ಅದರ ಕೆಳಗೆ ಕನಸು ಕಾಣಿರೆಂಬ ಕರೆ. ಮುಖ್ಯ ಅತಿಥಿಗಳು ಅದನ್ನೇ ವಿಸ್ತರಿಸಿ ಭಾಷಣ ಮಾಡುತ್ತಾರೆ. ಶಾಲು, ಸ್ಮರಣಿಕೆಗಳ ವಿತರಣೆಯೊಂದಿಗೆ ಕಾರ್ಯಕ್ರಮ ಸಮಾಪ್ತಿಗೊಳ್ಳುತ್ತದೆ. ಐಎಎಸ್ ಅಧಿಕಾರಿಯಾಗುವೆನೆಂದು ಅಂದು ಮೈಕಿನ ಮುಂದೆ ಹೇಳಿದ ವಿದ್ಯಾರ್ಥಿನಿ ಮೂರು ವರ್ಷಗಳ ಬಳಿಕ ಎಲ್ಲಿದ್ದಾಳೆಂದು ವಿಚಾರಿಸುವವರು ಎಷ್ಟು ಮಂದಿ?

ಕನಸಿಗೂ ಗುರಿಗೂ ಇರುವ ಅಂತರವನ್ನು ನಾವು ಯುವಜನರಿಗೆ ತಿಳಿಸಿಕೊಡುತ್ತಿಲ್ಲ. ಕನಸಿಗೆ ಯಾವ ಲೆಕ್ಕವೂ ಬೇಕಿಲ್ಲ. ಗುರಿಗೆ ಅವಧಿ ಬೇಕು, ಖರ್ಚಿನ ಅಂದಾಜು ಬೇಕು, ಮೊದಲ ಹೆಜ್ಜೆ ಯಾವುದೆಂಬ ಅರಿವು ಬೇಕು. ವಿಚಿತ್ರವೆಂದರೆ, ಇದನ್ನು ಕಲಿಯಲು ಅದೇ ಕಲಾಂ ಅವರ ಬದುಕಿಗಿಂತ ಉತ್ತಮ ಪಾಠ ಬೇರೊಂದಿಲ್ಲ. ನಾವು ಅವರ ಕರೆಯನ್ನು ಎತ್ತಿಕೊಂಡೆವು, ಕಾರ್ಯವಿಧಾನವನ್ನು ಕೈಬಿಟ್ಟೆವು.

ಕಲಾಂ ಕಂಡ ಮೊದಲ ಕನಸು ರಾಕೆಟ್ ಆಗಿರಲಿಲ್ಲ. ಯುದ್ಧವಿಮಾನದ ಪೈಲಟ್ ಆಗಬೇಕೆಂಬುದಾಗಿತ್ತು. ಅದಕ್ಕಾಗಿ ಮದ್ರಾಸಿನಲ್ಲಿ ವೈಮಾನಿಕ ಇಂಜಿನಿಯರಿಂಗ್ ಓದಿದರು. ಪ್ರವೇಶ ಶುಲ್ಕಕ್ಕಾಗಿ ಅವರ ಸಹೋದರಿ ಚಿನ್ನದ ಆಭರಣಗಳನ್ನು ಅಡವಿಟ್ಟರು. ಆದರೆ ಡೆಹ್ರಾಡೂನಿನ ವಾಯುಪಡೆಯ ಆಯ್ಕೆಯಲ್ಲಿ 25 ಮಂದಿಯ ಪೈಕಿ 8 ಮಂದಿ ಆಯ್ಕೆಯಾದರು, ಕಲಾಂ 9ನೆಯವರಾದರು. ಒಂದೇ ಸ್ಥಾನದ ಅಂತರದಿಂದ ಕನಸು ಮುರಿಯಿತು. ಆದರೆ ಕಲಿತ ವಿದ್ಯೆ ಉಳಿದಿತ್ತು. ಅದರ ಬಲದಿಂದ ರಕ್ಷಣಾ ಇಲಾಖೆಯ ಉದ್ಯೋಗಕ್ಕೆ ಸೇರಿದರು, ಬೆಂಗಳೂರಿಗೆ ಬಂದು ‘ನಂದಿ’ ಎಂಬ ಹೋವರ್‌ಕ್ರಾಫ್ಟ್ ರೂಪಿಸಿದರು. ಆ ಯೋಜನೆಯೂ ಅರ್ಧಕ್ಕೆ ನಿಂತಾಗ ಬಾಹ್ಯಾಕಾಶ ಕಾರ್ಯಕ್ರಮದತ್ತ ತಿರುಗಿದರು.

ಮುಂದೆ ಅವರ ನೇತೃತ್ವದ ಎಸ್‌ಎಲ್‌ವಿ-3 ಯೋಜನೆಯ ಉದ್ದೇಶವನ್ನು ಗಮನಿಸಿ. ಭಾರತವನ್ನು ಮಹಾನ್ ರಾಷ್ಟ್ರವಾಗಿಸುವುದೆಂದು ಅಲ್ಲಿ ಬರೆದಿರಲಿಲ್ಲ. 40 ಕಿಲೋಗ್ರಾಂ ತೂಕದ ಉಪಗ್ರಹವನ್ನು 400 ಕಿ.ಮೀ. ಎತ್ತರದ ಕಕ್ಷೆಗೆ ಸೇರಿಸುವುದು ಎಂದಿತ್ತು. ತೂಕ ಇಷ್ಟು, ಎತ್ತರ ಇಷ್ಟು. ಗುರಿಯೆಂದರೆ ಇದು. ನಾಲ್ಕು ಹಂತಗಳ ಆ ರಾಕೆಟ್ಟಿನ ಒಂದೊಂದು ಭಾಗವನ್ನೂ ಪ್ರತ್ಯೇಕವಾಗಿ ಪರೀಕ್ಷಿಸಲಾಯಿತು. ಆದರೂ 1979ರ ಆಗಸ್ಟ್ 10ರಂದು ಅದು ಬಂಗಾಳ ಕೊಲ್ಲಿಗೆ ಬಿತ್ತು. ಎರಡನೆಯ ಹಂತದ ನಿಯಂತ್ರಣ ವ್ಯವಸ್ಥೆಯಲ್ಲಿ ಆಮ್ಲ ಸೋರಿದ್ದೇ ಕಾರಣವೆಂದು ಪತ್ತೆಯಾಯಿತು. 1980ರ ಜುಲೈ 18ರಂದು ಅದೇ ಶ್ರೀಹರಿಕೋಟದಿಂದ ರೋಹಿಣಿ ಉಪಗ್ರಹ ಕಕ್ಷೆ ಸೇರಿತು. ಗುರಿ ನಿಖರವಾಗಿದ್ದರೆ ಸೋಲೂ ನಿಖರವಾಗಿರುತ್ತದೆ. ಸೋತದ್ದು ಎಲ್ಲಿ ಎಂಬುದು ತಿಳಿದರೆ ತಿದ್ದಿಕೊಳ್ಳಬಹುದು. ಬರೀ ಕನಸು ಕಂಡವನಿಗೆ ಸೋತೆನೆಂಬುದಷ್ಟೇ ಗೊತ್ತು.

ಈಗ ಆ ವಿದ್ಯಾರ್ಥಿನಿಯ ಐಎಎಸ್ ಕನಸಿಗೆ ಬರೋಣ. ಈ ಪರೀಕ್ಷೆಗೆ ಯಾವುದೇ ಪದವಿ ಸಾಕು, 21 ವರ್ಷ ತುಂಬಿರಬೇಕು. ಸಾಮಾನ್ಯ ವರ್ಗದವರಿಗೆ 32 ವರ್ಷದೊಳಗೆ 6 ಅವಕಾಶ, ಹಿಂದುಳಿದ ವರ್ಗದವರಿಗೆ 35ರೊಳಗೆ 9 ಅವಕಾಶ. ಪೂರ್ವಭಾವಿ, ಮುಖ್ಯ ಪರೀಕ್ಷೆ, ಸಂದರ್ಶನವೆಂಬ ಮೂರು ಹಂತಗಳು. ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿಯೇ ಬರೆಯಬಹುದು, ಕನ್ನಡ ಸಾಹಿತ್ಯವನ್ನು ಐಚ್ಛಿಕ ವಿಷಯವಾಗಿ ಆರಿಸಿಕೊಳ್ಳಬಹುದು. ಆದರೆ ಪೂರ್ವಭಾವಿಯ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಹಾಗಾದರೆ ಕನ್ನಡ ಮಾಧ್ಯಮದ ಹುಡುಗಿಯ ಮೊದಲ ಗುರಿ ಐಎಎಸ್ ಅಲ್ಲ. ಪದವಿ ಮುಗಿಯುವುದರೊಳಗೆ ಇಂಗ್ಲಿಷ್ ಪತ್ರಿಕೆಯೊಂದನ್ನು ನಿರಾಯಾಸವಾಗಿ ಓದುವಂತಾಗುವುದು. ಇದನ್ನು ನಾಳೆ ಬೆಳಿಗ್ಗೆಯೇ ಆರಂಭಿಸಬಹುದು. ಇಷ್ಟನ್ನು ಅವಳಿಗೆ ಕುಳಿತು ವಿವರಿಸಲು ಬೇಕಾದದ್ದು ಅರ್ಧ ಗಂಟೆ. ಆ ಅರ್ಧ ಗಂಟೆ ನಮ್ಮ ಸಮಾರಂಭಗಳಲ್ಲಿ ಸ್ವಾಗತ ಭಾಷಣಕ್ಕೇ ಸಾಲುವುದಿಲ್ಲ.

ಎಲ್ಲವೂ ವ್ಯಕ್ತಿಯ ಪ್ರಯತ್ನದಿಂದಲೇ ಸಾಧ್ಯವೆಂದು ಹೇಳಿ ಕೈತೊಳೆದುಕೊಳ್ಳುವುದೂ ಅನ್ಯಾಯವೇ. 2006ರ ಸಾಚಾರ್ ಸಮಿತಿಯ ವರದಿ ಐಎಎಸ್‌ನಲ್ಲಿ ಮುಸ್ಲಿಮರ ಪಾಲು ಕೇವಲ ಶೇ. 3 ಎಂದಿತ್ತು. ಅಂತಹ ಹಿಂದುಳಿಯುವಿಕೆಯನ್ನು ನೀಗಿಸಲು ಬಂದ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ ಅನ್ನು ಕೇಂದ್ರ ಸರಕಾರ 2022-23ರಿಂದ ಕೈಬಿಟ್ಟಿತು. ಏಣಿಯನ್ನು ಕಿತ್ತುಕೊಂಡು ಮೇಲೇರಿರೆಂದು ಉಪದೇಶಿಸುವುದು ಯಾವ ನ್ಯಾಯ? ಇದನ್ನು ಪ್ರಶ್ನಿಸಲೇಬೇಕು. ಆದರೆ ಸರಕಾರದ ಲೋಪವು ನಮ್ಮ ಹೊಣೆಯಿಂದ ನಮ್ಮನ್ನು ಮುಕ್ತಗೊಳಿಸುವುದಿಲ್ಲ. ಇರುವ ವಿದ್ಯಾರ್ಥಿವೇತನಗಳಿಗೂ ಕೊನೆಯ ದಿನಾಂಕ ದಾಟಿದ ಮೇಲೆ ಓಡುವುದು, ಆದಾಯ ಪ್ರಮಾಣಪತ್ರಕ್ಕಾಗಿ ಕೊನೆಯ ಕ್ಷಣದಲ್ಲಿ ಅಲೆಯುವುದು ಯಾರ ತಪ್ಪು?

ಆದ್ದರಿಂದ ಸಂಘ ಸಂಸ್ಥೆಗಳಿಗೆ ಒಂದು ವಿನಂತಿ. ಈ ವರ್ಷ ಸ್ಮರಣಿಕೆಯ ಜೊತೆಗೆ ಒಂದು ಹಾಳೆಯನ್ನೂ ಕೊಡಿ. ಅದರಲ್ಲಿ ವಿದ್ಯಾರ್ಥಿ ತನ್ನ ಗುರಿ, ಮುಂದಿನ ಆರು ತಿಂಗಳ ಕೆಲಸ, ಬೇಕಾದ ಹಣ, ಅದು ಸಿಗುವ ಮೂಲ, ಈ ದಾರಿ ಮುಚ್ಚಿದರೆ ಹಿಡಿಯಬಹುದಾದ ಇನ್ನೊಂದು ದಾರಿ ಇವಿಷ್ಟನ್ನು ಬರೆಯಲಿ. ಊರಿನ ಅಧ್ಯಾಪಕರೋ ಪದವೀಧರರೋ ಒಬ್ಬರು ಆರು ತಿಂಗಳ ಬಳಿಕ ಆ ಹಾಳೆಯನ್ನು ಹಿಡಿದು ಅವರ ಮನೆಯ ಬಾಗಿಲು ತಟ್ಟಲಿ. ಚಪ್ಪಾಳೆ ಸಂಜೆಗೇ ಮುಗಿದುಹೋಗುತ್ತದೆ. ಯಾರೋ ವಿಚಾರಿಸಲು ಬರುತ್ತಾರೆಂಬ ಭರವಸೆಯು ಒಂದು ಮಗುವನ್ನು ವರ್ಷವಿಡೀ ಓದಿಸಬಲ್ಲದು.