ಹೊಸ ರೂಲ್ ಬುಕ್ ಬಂತು, ಕನ್ನಡಕ್ಕೆ ಯಾವಾಗ?

ಸಿಂಧಘಟ್ಟದ ಜಗಲಿ ಮೇಲೆ ಚೌಕಾಬಾರ ಆಡುವಾಗ ಜಗಳ ಶುರುವಾಗುವುದೇ ನಿಯಮದ ಮೇಲೆ. ಎದುರಾಳಿಯ ಕಾಯಿ ಹೊಡೆಯದೆ ಒಳಮನೆಗೆ ಹೋಗಬಹುದಾ, ಇಲ್ಲವಾ? ಊರಿಗೊಂದು ಕಟ್ಟು. ಇದಕ್ಕೆ ನಾವು ಯಾವ ಕಂಪನಿಯ ಅಪ್ಪಣೆಯನ್ನೂ ಕೇಳಿದವರಲ್ಲ.

ಅಮೆರಿಕದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಟಕ್ಕೆ ಕಂಪನಿಯ ಒಡೆತನ ಇದೆ. 1974ರಲ್ಲಿ ಬಂದ ಆಟ. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ವೀರ, ಮಾಂತ್ರಿಕ, ಕಳ್ಳ ಹೀಗೆ ಪಾತ್ರವಾಗಿ ತಾವು ಏನು ಮಾಡುತ್ತೇವೆಂದು ಹೇಳುತ್ತಾರೆ. ಅದು ಕೈಗೂಡಿತೋ ಇಲ್ಲವೋ ಎಂಬುದಕ್ಕೆ 20 ಮುಖದ ದಾಳ. ಆಟಕ್ಕೆ 50 ವರ್ಷ ತುಂಬಿದ 2024ರಲ್ಲಿ ನಿಯಮಗಳ ಹೊಸ ಆವೃತ್ತಿ ಬಂತು.

ಅದಕ್ಕೂ ಮುಂಚೆ, 2023ರ ಜನವರಿಯಲ್ಲಿ, ಈ ನಿಯಮ ಬಳಸಿ ಪುಸ್ತಕ ಮಾಡುವವರಿಗೆ ಷರತ್ತು ಬಿಗಿ ಮಾಡಲು ಕಂಪನಿ ಹೊರಟಿತ್ತು. ಆಟಗಾರರು ತಿರುಗಿಬಿದ್ದರು. ಅದೇ ತಿಂಗಳು ಕಂಪನಿ ಹಿಂದೆ ಸರಿದು, ಮೂಲ ನಿಯಮಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟುಕೊಟ್ಟಿತು. 2025ರಲ್ಲಿ ಹೊಸ ಆವೃತ್ತಿಯ ಮೂಲ ನಿಯಮಗಳೂ ಹಾಗೇ ಬಂದವು. ಮೂಲ ಎಲ್ಲಿಯದೆಂದು ನಮೂದಿಸಿ ಯಾರು ಬೇಕಾದರೂ ಅನುವಾದಿಸಬಹುದು, ಮಾರಲೂಬಹುದು.

ಬಾಗಿಲು ತೆರೆದಿದೆ, ಹೋಗುವವರು ಬೇಕು. ಇಂಗ್ಲಿಷಿನಲ್ಲೇ ಉಳಿದರೆ ಈ ಹೊಸ ನಿಯಮ ದೊಡ್ಡ ಊರುಗಳನ್ನು ದಾಟುವುದಿಲ್ಲ. ಕೆ.ಆರ್.ಪೇಟೆ ಕಡೆಯ ಹೈಸ್ಕೂಲ್ ಮಕ್ಕಳಿಗೆ ಶುರು ಮಾಡಲು ಸರಳ ಕನ್ನಡದ 20 ಪುಟ ಸಾಕು. ದಾಳ ಇಲ್ಲವೇ? 1ರಿಂದ 20 ಬರೆದ ಚೀಟಿ ಎತ್ತಲಿ. ಡ್ರ್ಯಾಗನ್ ಬದಲು ಕೆರೆ ಏರಿಯ ದೆವ್ವ ಬರಲಿ. ಮಿಕ್ಕ ಕಟ್ಟನ್ನು ಮಕ್ಕಳೇ ಮಾಡಿಕೊಳ್ಳುತ್ತಾರೆ, ಚೌಕಾಬಾರದಲ್ಲಿ ನಾವು ಮಾಡಿಕೊಂಡ ಹಾಗೆ.